ಆನ್‌ಲೈನ್ ಗಣಿತ ಸರಿ, ನೋಟ್‌ಬುಕ್ ನೋಡುವವರು ಯಾರು?

ಮಾನ್ಯ ಸಂಪಾದಕರೇ,

ಪಿಯುಸಿಗೆ ಸೇರುವಾಗ ‘ಗಣಿತ ಒಂದು ಬೇಡಪ್ಪಾ’ ಎಂದು ಕಾಮರ್ಸೋ ಆರ್ಟ್ಸೋ ಹಿಡಿದವರು ಈಗ ಇಪ್ಪತ್ತೈದು ದಾಟಿದ ಮೇಲೆ ಮೊಬೈಲ್‌ನಲ್ಲಿ ಗಣಿತ ಕಲಿಯುತ್ತಿದ್ದಾರೆ. ಬೆಂಗಳೂರಿನ ಮಾತಲ್ಲ, ನಮ್ಮ ತಿಪಟೂರಿನಂಥ ಊರಿನ ಮಾತು. ಕಾರಣ ಎಲ್ಲರಿಗೂ ಗೊತ್ತಿರೋದೇ. ಕಂಪ್ಯೂಟರ್ ಕೆಲಸ ಬೇಕು, ಡೇಟಾ ಸೈನ್ಸ್ ಕಲಿಯಬೇಕು, ಅಲ್ಲಿ ಬಾಗಿಲಲ್ಲೇ ಗಣಿತ ಕೂತಿರುತ್ತದೆ. ಐಐಟಿ ಮದ್ರಾಸ್ 2020ರಲ್ಲಿ ಶುರು ಮಾಡಿದ ಆನ್‌ಲೈನ್ ಪದವಿಯನ್ನೇ ನೋಡಿ. ಜೆಇಇ ಕಡ್ಡಾಯವಿಲ್ಲ, ವಯಸ್ಸಿನ ಮಿತಿ ಇಲ್ಲ, ಪಿಯುಸಿಯಲ್ಲಿ ಯಾವ ವಿಷಯ ಓದಿದ್ದರೂ ಆಯಿತು, ಹತ್ತನೇ ಕ್ಲಾಸಿನಲ್ಲಿ ಗಣಿತ ಮತ್ತು ಇಂಗ್ಲಿಷ್ ಇದ್ದರೆ ಸಾಕು. ನಾಲ್ಕು ವಾರ ಪಾಠ, ಆಮೇಲೆ ಕೇಂದ್ರಕ್ಕೇ ಹೋಗಿ ಬರೆಯುವ ಅರ್ಹತಾ ಪರೀಕ್ಷೆ. ಆ ನಾಲ್ಕು ವಾರದಲ್ಲಿ ಸೆಟ್ಟು, ಫಂಕ್ಷನ್ನು, ಸರಳರೇಖೆ, ವರ್ಗ ಸಮೀಕರಣ, ಬಹುಪದೋಕ್ತಿ ಎಲ್ಲ ಬಂದು ಹೋಗುತ್ತವೆ. ಪಿಯು ಸೈನ್ಸ್ ಓದಿದವರಿಗೆ ಇದು ನೆನಪು ಮಾಡಿಕೊಳ್ಳುವ ಕೆಲಸ. ಬೇಸಿಕ್ ಮ್ಯಾಥ್ಸ್ ಕೂಡ ತೆಗೆದುಕೊಳ್ಳದ ಕಾಮರ್ಸ್ ಹುಡುಗನಿಗೆ ಹೊಸ ಊರು.

ಇದರ ಜೊತೆಗೆ ಐಐಟಿಗಳು ಮತ್ತು ಐಐಎಸ್‌ಸಿ ಸೇರಿ ನಡೆಸುವ ಎನ್‌ಪಿಟಿಇಎಲ್ ಇದೆ, ಕೇಂದ್ರ ಸರ್ಕಾರದ ಸ್ವಯಂ ಇದೆ, ಎರಡೂ ಆನ್‌ಲೈನ್ ಪಾಠದ ತಾಣಗಳು. ಪಾಠ ಕೇಳೋದಕ್ಕೆ ದುಡ್ಡು ಕೊಡಬೇಕಿಲ್ಲ. ಸರ್ಟಿಫಿಕೇಟು ಬೇಕು ಅಂದರೆ ಮಾತ್ರ ಪರೀಕ್ಷೆಗೆ ಶುಲ್ಕ. ನಾನು ಓದುವ ಕಾಲದಲ್ಲಿ ಇಂಥ ಮೇಷ್ಟ್ರ ಪಾಠ ಕೇಳಬೇಕಾದರೆ ಮದ್ರಾಸಿಗೋ ಕಾನ್ಪುರಕ್ಕೋ ಹೋಗಬೇಕಿತ್ತು. ಅಲ್ಲಿಗೆ ಹೋದರೂ ಗೇಟಿನೊಳಗೆ ಬಿಡುತ್ತಿರಲಿಲ್ಲ, ಆ ಮಾತು ಬೇರೆ.

ನಾನು ಪಿಯು ಕಾಲೇಜಿನಲ್ಲಿ ಗಣಿತ ಹೇಳಿಕೊಟ್ಟು ರಿಟೈರ್ ಆದವನು. ಹೀಗೆ ಆನ್‌ಲೈನ್‌ನಲ್ಲಿ ಓದುವ ಕೆಲವರು ಸಂಜೆ ಹೊತ್ತು ನೋಟ್‌ಬುಕ್ ಹಿಡಿದುಕೊಂಡು ನಮ್ಮ ಮನೆಗೆ ಬರುತ್ತಾರೆ. ಆದ್ದರಿಂದ ‘ಆನ್‌ಲೈನ್‌ನಲ್ಲಿ ಗಣಿತ ಬರೋದೇ ಇಲ್ಲ’ ಎನ್ನುವ ನನ್ನ ವಯಸ್ಸಿನವರ ಮಾತನ್ನು ನಾನು ಒಪ್ಪುವುದಿಲ್ಲ. ಬರುತ್ತದೆ. ಒಬ್ಬ ಹೆಣ್ಣುಮಗಳಿದ್ದಾಳೆ, ಸಣ್ಣ ಮಗುವಿನ ತಾಯಿ. ಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ ಅವಳ ಕೈಗೆ ಫೋನ್ ಸಿಗುತ್ತದೆ. ಲಾಗರಿದಮ್ ಪಾಠವನ್ನು ನಿಲ್ಲಿಸಿ, ಹಿಂದೆ ಎಳೆದು, ಮತ್ತೆ ನಿಲ್ಲಿಸಿ, ಬರೆದುಕೊಂಡು ಕಲಿತಿದ್ದಾಳೆ. ‘ಕ್ಲಾಸಲ್ಲಿ ಇನ್ನೊಂದ್ಸಲ ಹೇಳಿ ಸಾರ್ ಅನ್ನೋಕೆ ಭಯ ಆಗ್ತಿತ್ತು. ಇಲ್ಲಿ ಎಷ್ಟು ಸಲ ಕೇಳಿದ್ರೂ ಅವರು ಬೈಯೋದಿಲ್ಲ’ ಅಂದಳು. ಆ ಮಾತು ನನಗೂ ಸೇರಿದ್ದು ಅಂದುಕೊಂಡು ಸುಮ್ಮನಾದೆ.

ಹಾಗಾದರೆ ತೊಂದರೆ ಎಲ್ಲಿ? ಪಾಠದಲ್ಲಿ ಅಲ್ಲ. ಲೆಕ್ಕ ಮಾಡುವ ಕಡೆ.

ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವ ಒಬ್ಬ ಹುಡುಗ ಬರುತ್ತಾನೆ. ಚೀಲ ಎಷ್ಟು, ರೇಟೆಷ್ಟು, ಕಮಿಷನ್ ಎಷ್ಟು ಅಂತ ಕೇಳಿದರೆ ಕ್ಯಾಲ್ಕುಲೇಟರ್ ಮುಟ್ಟದೆ ಹೇಳುತ್ತಾನೆ. ಅವನ ವಾರದ ಅಸೈನ್‌ಮೆಂಟ್‌ನಲ್ಲಿ ಹೀಗೊಂದು ಲೆಕ್ಕ ಇತ್ತು: 5 − 2x < 11 ಆಗುವಂಥ ಅತಿ ಚಿಕ್ಕ ಪೂರ್ಣಾಂಕ x ಯಾವುದು? ಅವನು ಐದನ್ನು ಆ ಕಡೆ ಕಳಿಸಿ −2x < 6 ಅಂತ ಬರೆದ. ಸರಿ. ಆಮೇಲೆ ಎರಡೂ ಕಡೆ −2ರಿಂದ ಭಾಗಿಸಿ x < −3 ಅಂತ ಬರೆದ. ಅಲ್ಲಿ ಕೆಟ್ಟಿತು. ಮೈನಸ್‌ನಿಂದ ಭಾಗಿಸಿದಾಗ ಚಿಹ್ನೆ ತಿರುಗಬೇಕು. ತಿರುಗಿಸಲಿಲ್ಲ. ಕೊನೆಗೆ −4 ಅಂತ ಟೈಪ್ ಮಾಡಿದ. ಪರದೆ ಮೇಲೆ ಕೆಂಪು ಗುರುತು ಬಂತು, ತಪ್ಪು, ಸೊನ್ನೆ.

ಈಗ ಅವನು ಏನು ಮಾಡಬೇಕು? ಎಲ್ಲಿ ತಪ್ಪಿದೆ ಅಂತ ಅವನಿಗೆ ಗೊತ್ತಿಲ್ಲ. ಉದ್ದದ ವಿಡಿಯೋ ಪೂರ್ತಿ ಇನ್ನೊಮ್ಮೆ ನೋಡಿದ. ಪಾಠದಲ್ಲಿ ಆ ಮಾತು ಒಂದೇ ಸಾಲಿನಲ್ಲಿ ಬಂದು ಹೋಗಿತ್ತು, ಈ ಸಲವೂ ಕಿವಿಗೆ ಬೀಳಲಿಲ್ಲ. ಡೆಡ್‌ಲೈನ್ ಮುಗಿದ ಮೇಲೆ ಸರಿ ಉತ್ತರ ಕೊಡುತ್ತಾರೆ, ನಿಜ. ಆದರೆ ಅದು ಅವರ ಉತ್ತರ, ಇವನ ತಪ್ಪು ಯಾವ ಸಾಲಿನಲ್ಲಿದೆ ಅನ್ನೋದು ಅದರಲ್ಲಿ ಇಲ್ಲ. ನೋಟ್‌ಬುಕ್ ತಂದು ತೋರಿಸಿದ. ನಾನು ತಪ್ಪನ್ನು ಹೇಳಲಿಲ್ಲ. ‘ನಿನ್ನ ಉತ್ತರ ಪಕ್ಕಕ್ಕಿಡು, ಮೊದಲನೇ ಸಾಲಿನಲ್ಲಿ x ಜಾಗಕ್ಕೆ ಸೊನ್ನೆ ಹಾಕಿ ನೋಡಪ್ಪಾ’ ಅಂದೆ. ಹಾಕಿದ. 5 < 11. ‘ಸರಿ ಬಂತು ಸಾರ್.’ ‘ಹಾಗಾದರೆ ಸೊನ್ನೆ ನಿನ್ನ ಉತ್ತರದೊಳಗೆ ಇರಬೇಕಲ್ವಾ?’ x < −3 ಅನ್ನುವುದನ್ನು ನೋಡುತ್ತಾ ಕೂತ. ಸೊನ್ನೆ ಅದರೊಳಗೆ ಇಲ್ಲ. ಆಮೇಲೆ ತಾನೇ ಸಾಲು ಸಾಲಾಗಿ ಮೇಲಕ್ಕೆ ಹೋಗಿ ಮೂರನೇ ಸಾಲಿನ ಮೇಲೆ ಬೆರಳಿಟ್ಟ. 2 < 3 ನಿಜ, ಮೈನಸ್ ಹಚ್ಚಿದರೆ −2 > −3 ಆಗುತ್ತದೆ ಅಂತ ಎರಡು ಅಂಕಿ ಇಟ್ಟು ತೋರಿಸಿದೆ, ಅಷ್ಟೇ. ಉತ್ತರ −2. ಒಟ್ಟು ಕೆಲಸ ಐದು ನಿಮಿಷದ್ದು. ಆದರೆ ಆ ಐದು ನಿಮಿಷಕ್ಕೆ ಅವನ ನೋಟ್‌ಬುಕ್ ನೋಡುವ ಒಬ್ಬ ಮನುಷ್ಯ ಬೇಕು.

ನಮ್ಮ ಪಿಯು ಬೋರ್ಡ್ ಮೌಲ್ಯಮಾಪನದಲ್ಲಿ ಕೂತವರಿಗೆ ಸ್ಟೆಪ್ ಮಾರ್ಕ್ಸ್ ಅಂದರೆ ಏನು ಅಂತ ಗೊತ್ತು. ಕೊನೆಯ ಉತ್ತರ ತಪ್ಪಿದರೂ ಸೂತ್ರಕ್ಕೆ ಒಂದು, ಅದರಲ್ಲಿ ಬೆಲೆ ಹಾಕಿದ್ದಕ್ಕೆ ಒಂದು ಅಂತ ಕೊಡುತ್ತೇವೆ. ಅದು ಮಕ್ಕಳ ಮೇಲಿನ ಕರುಣೆಯಿಂದ ಕೊಡುವುದಲ್ಲ. ಗಣಿತ ಇರೋದೇ ಆ ಸಾಲುಗಳಲ್ಲಿ. ಆನ್‌ಲೈನ್ ಅಸೈನ್‌ಮೆಂಟ್‌ಗೆ ಕಾಣುವುದು ಕೊನೆಯ ಪೆಟ್ಟಿಗೆಯ ಅಂಕಿ ಮಾತ್ರ. ಎರಡು ದಶಮಾಂಶ ಬೇಕು ಅಂದ ಕಡೆ 2.67 ಬದಲು 2.66 ಬರೆದವನೂ ಒಂದೇ, ಪ್ರಶ್ನೆ ಓದದೆ ಏನೋ ಒಂದು ಒತ್ತಿದವನೂ ಒಂದೇ. ನಮ್ಮ ಕಡೆಯ ಮಾತಲ್ಲಿ ಹೇಳೋದಾದರೆ ಉಂಡೆ ಕೊಬ್ಬರಿಯನ್ನು ಒಡೆದು ನೋಡದೆ ಮೂಲೆಗೆಸೆದ ಹಾಗೆ.

ಸಾವಿರಾರು ಜನ ಓದುವ ಕೋರ್ಸಿನಲ್ಲಿ ಒಬ್ಬೊಬ್ಬರ ನೋಟ್‌ಬುಕ್ ನೋಡಲು ಆಗುವುದಿಲ್ಲ ಅನ್ನೋದು ನನಗೂ ಅರ್ಥವಾಗುತ್ತದೆ. ಕೋರ್ಸ್ ಮಾಡಿದವರನ್ನು ಬೈಯಲು ನಾನು ಈ ಪತ್ರ ಬರೆಯುತ್ತಿಲ್ಲ. ಆದರೆ ನೋಡುವವರು ಇಲ್ಲದಿದ್ದಾಗ ಹುಡುಗರು ಏನು ಮಾಡುತ್ತಾರೆ ಅನ್ನೋದನ್ನೂ ನೋಡಬೇಕಲ್ಲ. ವಾರದ ಅಸೈನ್‌ಮೆಂಟ್ ಉತ್ತರಗಳು ಟೆಲಿಗ್ರಾಂ ಗುಂಪುಗಳಲ್ಲಿ, ಯೂಟ್ಯೂಬ್‌ನಲ್ಲಿ ರಾಜಾರೋಷವಾಗಿ ಸಿಗುತ್ತವೆ. ಈಗಂತೂ ಲೆಕ್ಕದ ಫೋಟೋ ತೆಗೆದು ಎಐ ಆ್ಯಪ್‌ಗೆ ಹಾಕಿದರೆ ಕ್ಷಣದಲ್ಲಿ ಪೂರ್ತಿ ಬಿಡಿಸಿ ಕೊಡುತ್ತದೆ. ಅಸೈನ್‌ಮೆಂಟ್‌ಗೆ ಪೂರ್ತಿ ಅಂಕ ಬರುತ್ತದೆ. ಎನ್‌ಪಿಟಿಇಎಲ್ ಲೆಕ್ಕಾಚಾರದಲ್ಲಿ ಅಸೈನ್‌ಮೆಂಟ್‌ಗೆ 25, ಕೇಂದ್ರದಲ್ಲಿ ಕೂತು ಬರೆಯುವ ಪರೀಕ್ಷೆಗೆ 75. ಎರಡರಲ್ಲೂ ಬೇರೆ ಬೇರೆಯಾಗಿ ಪಾಸಾಗಬೇಕು, 25ಕ್ಕೆ 10, 75ಕ್ಕೆ 30. ಆ 75ರ ಮುಂದೆ ಟೆಲಿಗ್ರಾಂ ಬರೋದಿಲ್ಲ. ಇದು ಒಳ್ಳೆಯ ನಿಯಮ, ಬದಲಾಯಿಸಬಾರದು. ಆದರೆ ಪರೀಕ್ಷೆ ತಪ್ಪನ್ನು ಹಿಡಿಯುತ್ತದೆ ಅಷ್ಟೇ, ತಿದ್ದುವುದಿಲ್ಲ.

ಇದೇನು ನಮ್ಮ ದೇಶದ ತೊಂದರೆ ಅಂತಲ್ಲ. 2013ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆ ಸ್ಟೇಟ್ ಯೂನಿವರ್ಸಿಟಿಯವರು ಉಡಾಸಿಟಿ ಎಂಬ ಆನ್‌ಲೈನ್ ಪಾಠದ ಕಂಪನಿಯ ಜೊತೆ ಸೇರಿ ಮೂರು ಆನ್‌ಲೈನ್ ಕೋರ್ಸ್ ಶುರು ಮಾಡಿದರು. ಶಾಲೆಯ ಗಣಿತ ಬಾರದವರಿಗೆ ಒಂದು, ಕಾಲೇಜಿನ ಬೀಜಗಣಿತ ಒಂದು, ಸಂಖ್ಯಾಶಾಸ್ತ್ರದ ಮೊದಲ ಪಾಠ ಒಂದು. ಒಂದಕ್ಕೆ 150 ಡಾಲರ್ ಫೀಸು. ಗವರ್ನರ್ ಜೆರ್ರಿ ಬ್ರೌನ್ ಅವರೇ ಮುಂದೆ ನಿಂತು ಘೋಷಣೆ ಮಾಡಿದ್ದರು. ಮೊದಲ ಬ್ಯಾಚಿನ ಫಲಿತಾಂಶ ಬಂದಾಗ ಬೀಜಗಣಿತದಲ್ಲಿ ಪಾಸಾದವರು ಅರ್ಧಕ್ಕಿಂತ ಕಡಿಮೆ. ಶಾಲೆಯ ಗಣಿತದ ಕೋರ್ಸಿನಲ್ಲಿ ಮೂರರಲ್ಲಿ ಒಂದು ಪಾಲೂ ಇಲ್ಲ. ಜುಲೈ ಹೊತ್ತಿಗೆ ಯೋಜನೆಗೆ ಬ್ರೇಕ್ ಹಾಕಿದರು. ಅಷ್ಟರಲ್ಲಿ ಶುರುವಾಗಿದ್ದ ಬೇಸಿಗೆಯ ಬ್ಯಾಚಿನಲ್ಲಿ ಬೀಜಗಣಿತದ ಫಲಿತಾಂಶ ಚೆನ್ನಾಗಿ ಮೇಲೆದ್ದಿತು, ಆದರೆ ಆ ಬ್ಯಾಚಿಗೆ ಸೇರಿದವರಲ್ಲಿ ಆಗಲೇ ಡಿಗ್ರಿ ಮುಗಿಸಿದವರು ಬಹಳ ಜನ ಇದ್ದರು! ಆಮೇಲೆ ಕೂತು ಲೆಕ್ಕ ಹಾಕಿದಾಗ ಕಂಡದ್ದು ಇದು: ಕೊಟ್ಟ ಲೆಕ್ಕಗಳನ್ನು ಬಿಡದೆ ಮಾಡಿದವರು ಪಾಸಾಗಿದ್ದರು. ಅಲ್ಲೂ ಸಹಾಯಕ್ಕೆ ಆನ್‌ಲೈನ್ ಮೆಂಟರ್‌ಗಳನ್ನು ಇಟ್ಟಿದ್ದರು. ಆದರೆ ಎಷ್ಟೋ ಮಕ್ಕಳಿಗೆ ಅಂಥ ಸಹಾಯ ಇದೆ ಅನ್ನೋದೇ ಗೊತ್ತಿರಲಿಲ್ಲ.

ಗಣಿತದಲ್ಲಿ ಸೋತವನು ತಾನಾಗಿ ಬಂದು ಸಹಾಯ ಕೇಳುವುದಿಲ್ಲ. ನಲವತ್ತು ಮಕ್ಕಳ ಕ್ಲಾಸಿನಲ್ಲಿ ಹಿಂದಿನ ಬೆಂಚಿನವನು ಯಾವತ್ತಾದರೂ ಕೈ ಎತ್ತಿದ್ದನ್ನು ಕಂಡಿದ್ದೀರಾ? ನಾವೇ ಬೆಂಚುಗಳ ನಡುವೆ ನಡೆದು ಹೋಗಿ ಅವನ ಹೆಗಲ ಮೇಲಿಂದ ಬಗ್ಗಿ ನೋಡಬೇಕು.

ಖಾನ್ ಅಕಾಡೆಮಿ ಹೆಸರು ಬಹಳ ಜನ ಕೇಳಿರುತ್ತೀರಿ. ಅದನ್ನು ಕಟ್ಟಿದ ಸಲ್ಮಾನ್ ಖಾನ್ (ನಟನಲ್ಲ, ಇವರು ಬೇರೆ) 2004ರಲ್ಲಿ ದೂರದ ಊರಲ್ಲಿದ್ದ ಚಿಕ್ಕಪ್ಪನ ಮಗಳೋ ಮಾವನ ಮಗಳೋ, ಅಂತೂ ನಂಟರ ಹುಡುಗಿಗೆ ಫೋನ್‌ನಲ್ಲಿ, ಕಂಪ್ಯೂಟರ್‌ನಲ್ಲಿ ಗಣಿತ ಹೇಳಿಕೊಟ್ಟಿದ್ದರಿಂದ ಎಲ್ಲ ಶುರುವಾಯಿತು. ವಿಡಿಯೋಗಳು ಬಂದಿದ್ದು ಆಮೇಲೆ. ಅಂದರೆ ಇಷ್ಟು ದೊಡ್ಡ ಆನ್‌ಲೈನ್ ಗಣಿತದ ಬುಡದಲ್ಲೂ ಇರುವುದು ಒಬ್ಬ ಹುಡುಗಿಯ ತೊಡಕನ್ನು ಒಬ್ಬರು ಕೂತು ಬಿಡಿಸಿದ ಕೆಲಸವೇ.

ನಮ್ಮಲ್ಲಿ ಇದಕ್ಕೆ ಹಳೆಯ ದಾರಿ ಒಂದಿತ್ತು. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲೇ ಅಂಚೆ ಮೂಲಕ ಶಿಕ್ಷಣ ಶುರು ಮಾಡಿತು, ಅದೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಆಯಿತು. ಅಂಚೆಯಲ್ಲಿ ಓದುವವರಿಗೂ ಕಾಂಟ್ಯಾಕ್ಟ್ ಕ್ಲಾಸ್ ಅಂತ ಇರುತ್ತಿತ್ತು. ಕೆಲಸಕ್ಕೆ ರಜಾ ಹಾಕಿ ಬಸ್ಸು ಹತ್ತಿ ಹೋಗಿ ಕೂರುತ್ತಿದ್ದರು. ಪುಸ್ತಕ ಮನೆಗೆ ಬಂದರೆ ಸಾಲದು, ಮುಖಾಮುಖಿ ಒಂದಷ್ಟು ಹೊತ್ತು ಬೇಕು ಅನ್ನೋದು ಆಗಿನವರಿಗೆ ಗೊತ್ತಿತ್ತು. ಪುಸ್ತಕದ ಜಾಗಕ್ಕೆ ವಿಡಿಯೋ ಬಂದ ಕೂಡಲೇ ಅದನ್ನು ಮರೆತುಬಿಟ್ಟೆವು.

ನಾನು ಕೇಳುವುದು ದೊಡ್ಡದೇನಲ್ಲ. ಪ್ರತಿ ತಾಲ್ಲೂಕಿನಲ್ಲಿ ಒಂದು ಕೋಣೆ. ವಾರಕ್ಕೆ ಎರಡು ಸಂಜೆ. ಒಂದು ಕರಿಹಲಗೆ, ನಾಲ್ಕು ಬೆಂಚು, ಗಣಿತದಲ್ಲಿ ಎಂಎಸ್‌ಸಿ ಮಾಡಿದ ಒಬ್ಬರು. ಯಾವ ಕೋರ್ಸ್ ಓದುತ್ತಿದ್ದರೂ ಬರಲಿ, ಯಾವ ವಯಸ್ಸಿನವರಾದರೂ ಬರಲಿ, ಕನ್ನಡದಲ್ಲೇ ಕೇಳಲಿ. ಪಾಠ ಮತ್ತೆ ಮಾಡುವುದು ಬೇಡ, ಅದನ್ನು ಐಐಟಿಯವರು ನಮಗಿಂತ ಚೆನ್ನಾಗಿ ಮಾಡಿದ್ದಾರೆ. ನೋಟ್‌ಬುಕ್ ನೋಡಿದರೆ ಸಾಕು. ಕೋಣೆ ಹುಡುಕಬೇಕಾಗಿಯೂ ಇಲ್ಲ. ಎಷ್ಟೋ ತಾಲ್ಲೂಕುಗಳಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಇದೆ, ಸಂಜೆ ಹೊತ್ತು ಕೋಣೆಗಳು ಖಾಲಿ. ಹಳ್ಳಿಯ ಕಡೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಅರಿವು ಕೇಂದ್ರ ಅಂತ ಮಾಡಿದ್ದಾರೆ, ಹಲವು ಕಡೆ ಕಂಪ್ಯೂಟರ್ ಕೂಡ ಇಟ್ಟಿದ್ದಾರೆ. ಅಲ್ಲೂ ಆಗುತ್ತದೆ. ಹೇಳಿಕೊಡೋರಿಗೂ ಬರವಿಲ್ಲ. ಸೆಮಿಸ್ಟರ್ ಮುಗಿದ ಮೇಲೆ ಸಂಬಳ ಇಲ್ಲದೆ ಕೂರುವ ಅತಿಥಿ ಉಪನ್ಯಾಸಕರು ಎಷ್ಟು ಜನ ಬೇಕು? ಗಂಟೆಗೆ ಇಷ್ಟು ಅಂತ ಕೊಡಲಿ.

‘ಯಾವುದೋ ಸಂಸ್ಥೆಯ ಕೋರ್ಸಿಗೆ ನಾವ್ಯಾಕೆ ಖರ್ಚು ಮಾಡಬೇಕು’ ಅಂತ ಇಲಾಖೆಯವರು ಕೇಳಬಹುದು. ಸ್ವಯಂ ಮೂಲಕ ಒಂದು ಸೆಮಿಸ್ಟರ್‌ನ ಶೇ 40ರಷ್ಟು ಕೋರ್ಸ್‌ಗಳನ್ನು ಓದಿ ಕ್ರೆಡಿಟ್ ಪಡೆಯಬಹುದು ಎಂದು ಯುಜಿಸಿ 2021ರಲ್ಲಿ ನಿಯಮ ಮಾಡಿ ಆಗಿದೆ. ಆ ಕ್ರೆಡಿಟ್ ಸೇರುವುದು ನಮ್ಮ ಯೂನಿವರ್ಸಿಟಿಗಳ ಅಂಕಪಟ್ಟಿಗೇ, ಓದುವವರು ನಮ್ಮ ಕಾಲೇಜಿನ ಮಕ್ಕಳೇ. ಅಂಕಪಟ್ಟಿಯಲ್ಲಿ ಸೇರಿಸಿಕೊಳ್ಳಲು ಬರುತ್ತದೆ, ಒಂದು ಕೋಣೆಯ ದೀಪ ಹಾಕಲು ಬರುವುದಿಲ್ಲ ಅಂದರೆ ಹೇಗೆ?

ಇನ್ನೊಂದು ಸಣ್ಣ ವಿಷಯ, ಕೋರ್ಸ್ ನಡೆಸುವವರಿಗೆ. ಪಾಠದ ಟಿಪ್ಪಣಿಯನ್ನು ಮೊಬೈಲ್‌ನಲ್ಲಿ ಓದುವವರೇ ಜಾಸ್ತಿ. ಸ್ಲೈಡಿನಲ್ಲಿ ಘಾತದ ಮೇಲೆ ಘಾತ ಇಟ್ಟರೆ ಐದು ಇಂಚಿನ ಪರದೆಯಲ್ಲಿ ಎರಡೋ ಮೂರೋ ಅಂತ ಕಾಣೋದೇ ಇಲ್ಲ. ಹುಡುಗರು ಜೆರಾಕ್ಸ್ ಅಂಗಡಿಯಲ್ಲಿ ಪುಟಕ್ಕಿಷ್ಟು ಅಂತ ಕೊಟ್ಟು ಪ್ರಿಂಟ್ ತೆಗೆಸುತ್ತಾರೆ, ಕಪ್ಪು ಹಿನ್ನೆಲೆಯ ಸ್ಲೈಡಾದರೆ ಅಂಗಡಿಯವನು ಇಂಕ್ ಖಾಲಿ ಆಗುತ್ತದೆ ಅಂತ ಗೊಣಗುತ್ತಾನೆ. ಬಿಳಿ ಹಾಳೆಯ ಮೇಲೆ ದಪ್ಪ ಅಕ್ಷರದಲ್ಲಿ ಒಂದು ಪ್ರತಿ ಹಾಕಿದರೆ ಇವರಿಗೆ ಎಷ್ಟೋ ಉಪಕಾರ.

ನಮ್ಮೂರಿನ ಕಾಲೇಜಿನಲ್ಲಿ ಕೋಣೆ ಕೊಟ್ಟರೆ ಮಂಗಳವಾರ ಮತ್ತು ಶುಕ್ರವಾರ ಸಂಜೆ ನಾನು ದುಡ್ಡಿಲ್ಲದೆ ಬಂದು ಕೂರಲು ತಯಾರಿದ್ದೇನೆ. ನನ್ನ ಜೊತೆ ರಿಟೈರ್ ಆದ ಇನ್ನಿಬ್ಬರು ಮೇಷ್ಟ್ರುಗಳೂ ಬರುತ್ತೇವೆ ಅಂದಿದ್ದಾರೆ. ಹೋಗಿ ವಿಚಾರಿಸಿದಾಗ ‘ಮೇಲಿನಿಂದ ಆರ್ಡರ್ ಬೇಕು ಸಾರ್’ ಅಂದರು. ಆ ಆರ್ಡರ್ ಹೊರಡಿಸುವವರು ನಿಮ್ಮ ಪತ್ರಿಕೆ ಓದುತ್ತಾರೆ ಅಂತ ನಂಬಿ ಇದನ್ನು ಬರೆದಿದ್ದೇನೆ.

ಇಂತಿ ನಿಮ್ಮ ಓದುಗ,
ನಿವೃತ್ತ ಗಣಿತ ಉಪನ್ಯಾಸಕ, ತಿಪಟೂರು