ಬಚ್ಚಲ ಕಿಟಕಿಯ ವಿಷಯ

ಚಿರಂಜೀವಿ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಕಾಗದ ನಿನ್ನೆ ಮಧ್ಯಾಹ್ನ ಸಿಕ್ಕಿತು. ಟೈಲ್ಸು, ಗ್ರಾನೈಟು, ಅರ್ಧಕ್ಕೆ ಕೈಕೊಟ್ಟ ಮೇಸ್ತ್ರಿ, ಅತ್ತೆಯವರ ಮುನಿಸು, ಎಲ್ಲ ಓದಿಕೊಂಡು ಬರುತ್ತಿದ್ದೆ. ನಡುವೆ ಎರಡು ಸಾಲು ಬರೆದಿದ್ದೀಯಲ್ಲ: "ಬಚ್ಚಲ ಕಿಟಕಿಯ ಪಟ್ಟಿಗಾಜು ತೆಗೆಸಿ ಒಂದೇ ಗಾಜು ಕೂರಿಸಿ ಸುತ್ತ ಸಿಲಿಕಾನ್ ಹೊಡೆಸಿದೆ. ಗ್ಯಾಸ್ ಗೀಸರೂ ಒಳಗೇ ಬಂತು, ಬೆಚ್ಚಗೆ ಗೂಡಿನ ಹಾಗಿದೆ. ಮಗಳು ಮಾತ್ರ ಸ್ನಾನ ಮಾಡಿ ಬಂದಾಗೆಲ್ಲ ತಲೆನೋವು ಅಂತಾಳೆ, ಶೀತ ಇರಬೇಕು." ಅಲ್ಲಿಂದ ಮುಂದೆ ನನಗೆ ಅಕ್ಷರ ಕಾಣಲಿಲ್ಲ.

ತಕ್ಷಣ ಫೋನ್ ಮಾಡಿದೆ. ಗೀಸರ್ ಹಚ್ಚಬೇಡ ಅಂದರೆ ನೀನು ನಕ್ಕೆ. "ಸೋರಿದರೆ ವಾಸನೆ ಬರುತ್ತಲ್ಲ ದೊಡ್ಡಮ್ಮ" ಅಂದೆ. ಅಷ್ಟರಲ್ಲಿ ಲೈನ್ ಹೋಯಿತು. ರಾತ್ರಿಯೆಲ್ಲ ಟವರ್ ಇಲ್ಲ. ಬೆಳಿಗ್ಗೆ ನಿನ್ನ ಅಣ್ಣ ಪಿಕಪ್ ತೆಗೆದುಕೊಂಡು ಮಡಿಕೇರಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಕೊಟ್ಟು ಕಳಿಸೋಣ ಅಂತ ಲಾಟೀನು ಹಚ್ಚಿಕೊಂಡು ಕೂತಿದ್ದೇನೆ.

ಆ ವಾಸನೆಯ ಮಾತನ್ನೇ ಮೊದಲು ಹೇಳಿಬಿಡುತ್ತೇನೆ. ಸಿಲಿಂಡರ್ ಗ್ಯಾಸಿಗೆ ಇರೋ ವಾಸನೆ ಅದರದ್ದಲ್ಲ ಪುಟ್ಟಿ, ಸೋರಿದ್ದು ಗೊತ್ತಾಗಲಿ ಅಂತ ಬೇಕೆಂದೇ ಬೆರೆಸಿದ್ದು. ಅದು ಉರಿಯದ ಗ್ಯಾಸಿನ ವಾಸನೆ. ನಾನು ಹೇಳುತ್ತಿರೋದು ಉರಿದ ಮೇಲೆ ಹುಟ್ಟೋದರ ಬಗ್ಗೆ. ಮುಚ್ಚಿದ ಜಾಗದಲ್ಲಿ ಗಾಳಿ ಸಾಲದೆ ಉರಿದರೆ ಕಾರ್ಬನ್ ಮಾನಾಕ್ಸೈಡ್ ಬರುತ್ತೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ, ಕಣ್ಣು ಉರಿಯಲ್ಲ, ಕೆಮ್ಮೂ ಬರಲ್ಲ. ರಕ್ತದಲ್ಲಿ ಪ್ರಾಣವಾಯು ಕೂರೋ ಜಾಗದಲ್ಲಿ ಅದು ಹೋಗಿ ಕೂರುತ್ತೆ, 200 ಪಟ್ಟಿಗೂ ಮೀರಿದ ಬಿಗಿಯಲ್ಲಿ. ನಮ್ಮ ಪಕ್ಕದ ತೋಟದ ಹುಡುಗಿ ನರ್ಸು, ಅವಳು ಬಿಡಿಸಿ ಹೇಳಿದ್ದು. ಮೊದಲು ತಲೆನೋವು, ಆಮೇಲೆ ವಾಕರಿಕೆ, ಆಮೇಲೆ ಕಾಲಲ್ಲಿ ಬಲ ಇರಲ್ಲವಂತೆ. ಬಾಗಿಲ ಚಿಲಕ ಎದುರಿಗೇ ಇರುತ್ತೆ, ಎದ್ದು ತೆಗೆಯೋಕೆ ಆಗಲ್ಲ.

ಮಗಳ ತಲೆನೋವು ಶೀತದ್ದಲ್ಲ ಅಂತ ನನ್ನ ಮನಸ್ಸು ಹೇಳುತ್ತಿದೆ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ಹೋದಾಗ ಗೀಸರ್ ವಿಷಯ, ಗಾಜಿನ ವಿಷಯ ಬಾಯಿಬಿಟ್ಟು ಹೇಳು. ನಾವು ಹೇಳದಿದ್ದರೆ ಅವರಿಗಾದರೂ ಎಲ್ಲಿಂದ ಹೊಳೆಯಬೇಕು?

ಹೇಳದೆ ಇದ್ದವಳು ನಾನು. ಅದನ್ನೇ ಬರೆಯಬೇಕು ಅಂತ ಕೂತೆ, ಕೈ ಬೇರೆ ಕಡೆ ಹೋಗುತ್ತಿದೆ.

ನಿನ್ನ ಅಡುಗೆಮನೆ ವಿಷಯಕ್ಕೆ ಬರ್ತೀನಿ. ಕಟ್ಟೆ ಎತ್ತರ ಕೇಳಿದ್ದೆಯಲ್ಲ. ಮೇಸ್ತ್ರಿಯ ಟೇಪನ್ನು ನಂಬಬೇಡ, ನೀನೇ ನಿಂತು ಮೊಣಕೈ ಮಡಚಿ ಅದಕ್ಕಿಂತ ನಾಲ್ಕು ಬೆರಳು ಕೆಳಗೆ ಗುರುತು ಹಾಕಿಸು. ನನ್ನ ಕಟ್ಟೆ ನಿನ್ನ ದೊಡ್ಡಪ್ಪನ ಅಳತೆಗೆ ಕಟ್ಟಿದ್ದು, ಅವರು ಒಂದು ದಿನ ಕಾಫಿ ಬೆರೆಸಿದವರಲ್ಲ. ಮೂವತ್ತು ವರ್ಷ ಭುಜ ಎತ್ತಿಕೊಂಡೇ ಕಾಯಿ ಹೆಚ್ಚಿದ್ದೇನೆ. ಕಟ್ಟೆ ಕೆಳಗಿನ ಕಪಾಟಿಗೆ ಸಾದಾ ಪ್ಲೈವುಡ್ ಬೇಡ, ನಮ್ಮ ಜಿಟಿಮಳೆಗೆ ಎರಡೇ ವರ್ಷದಲ್ಲಿ ಹಪ್ಪಳದ ಹಾಗೆ ಉಬ್ಬುತ್ತೆ. ನೀರು ತಡೆಯೋ ಜಾತಿ, 710 ಅಂತ ಐಎಸ್‌ಐ ಮುದ್ರೆ ಇರೋದನ್ನು ಕೇಳು. ಇದೆಲ್ಲ ನಿನಗೆ ಗೊತ್ತಿರಬಹುದು, ಮುದುಕಿ ಮಾತು, ಬಿಡು.

ಆದರೆ ಗಾಜು ತೆಗೆಸು.

ಹಳೇ ಮನೆಯಲ್ಲಿ ನಮಗೆ ಯಾಕೆ ಏನೂ ಆಗಲಿಲ್ಲ ಅಂತ ಕೇಳ್ತೀಯ. ನಮ್ಮ ಬಚ್ಚಲು ನೆನಪಿದೆಯಲ್ಲ. ಹಂಡೆ ಒಳಗೆ, ಒಲೆಯ ಬಾಯಿ ಗೋಡೆಯಾಚೆ ಹಿತ್ತಿಲಿಗೆ. ಕಾಫಿ ಬುಡ, ಸಿಲ್ವರ್ ಓಕ್ ತುಂಡು ತುರುಕೋದು ಹೊರಗೆ ನಿಂತು, ಹೊಗೆಯೂ ಹೊರಗೇ. ಮೇಲೆ ಹೆಂಚು. ಸೂರಿನ ಸಂದಿಯಿಂದ ಎಷ್ಟು ಗಾಳಿ ಬರುತ್ತಿತ್ತು ಅಂದರೆ ಸೋಪು ಹಚ್ಚಿಕೊಂಡು ಹಲ್ಲು ಕಡಿಯುತ್ತಿದ್ದೆವು. ಆ ಗಾಳಿಗೆ ಎಷ್ಟು ಶಾಪ ಹಾಕಿದ್ದೇವೆ! ನಿನ್ನದು ಆರ್‌ಸಿಸಿ. ಮೇಲೆ ಸಂದಿ ಇಲ್ಲ, ಈಗ ಪಕ್ಕದಲ್ಲೂ ಇಲ್ಲ.

ಬರೆದುಬಿಡ್ತೀನಿ. 1986, ಆಟಿ ತಿಂಗಳು, ಜಡಿಮಳೆಯ ಕಾಲ. ನಿನ್ನ ಅಮ್ಮನ ಮೊದಲ ಬಾಣಂತನ. ಆ ಬೆಳಿಗ್ಗೆ ಆದದ್ದು ಮನೆಯಲ್ಲಿ ಎಲ್ಲರಿಗೂ ಗೊತ್ತು, ನೀನೂ ಕೇಳಿ ಬೆಳೆದವಳು. ರಾತ್ರಿ ಆದದ್ದು ನನಗೊಬ್ಬಳಿಗೇ ಗೊತ್ತು.

ಹಲಗೆ ಮುಚ್ಚಿಗೆಯ ಕೋಣೆ. ಹದಿನೈದು ದಿನದಿಂದ ಸೂರ್ಯ ಇಲ್ಲ, ಅಪ್ಪ ಮಳೆ ಅಳೆದು ಇಂಚು, ಸೆಂಟು ಅಂತ ಡೈರಿಯಲ್ಲಿ ಬರೆಯೋದನ್ನೂ ಬೇಜಾರಾಗಿ ಬಿಟ್ಟಿದ್ದರು. ಮಗುವಿನ ಬಟ್ಟೆ ಒಣಗಿಸೋಕೆ ಅಗ್ಗಿಷ್ಟಿಕೆಗೆ ಕೆಂಡ ತುಂಬಿ ಮೇಲೆ ಬಿದಿರು ಬುಟ್ಟಿ ಕವುಚಿ ಮಂಚದ ಪಕ್ಕ ಇಟ್ಟಿದ್ದೆವು. ಹೊಗೆ ಆಡುತ್ತಿರಲಿಲ್ಲ, ಚೆನ್ನಾಗಿ ನಿಗಿನಿಗಿ ಅನ್ನೋ ಕೆಂಡ. ಕಿಟಕಿ ಬಾಗಿಲು ಒಂದು ಬೆರಳಷ್ಟು ಕೂರುತ್ತಿರಲಿಲ್ಲ, ಅಲ್ಲಿಂದ ಗಾಳಿ ಸುಯ್ ಅಂತ ಬರುತ್ತಿತ್ತು. ಅಮ್ಮ ಚಳಿ ಅಂದಳು. ನಾನು ಕಾಫಿ ಗೋಣಿ ಮಡಿಸಿ ಆ ಸಂದಿಗೆ ಚಾಕುವಿನ ಹಿಡಿಯಲ್ಲಿ ಒತ್ತಿ ಒತ್ತಿ ತುರುಕಿದೆ. ಹೊರಗಿನಿಂದ ಬಾಗಿಲು ಎಳೆದು ಹೊಸ್ತಿಲಿಗೆ ಚಾಪೆ ಸುತ್ತಿ ಇಟ್ಟೆ. "ಬೆಚ್ಚಗೆ ಮಲಗು" ಅಂದೆ. ನೀನು ಬರೆದ ಮಾತೇ ನೋಡು.

ಮಧ್ಯರಾತ್ರಿ ನಿನ್ನ ಅಣ್ಣ ಹಠ ಹಿಡಿದು ಅಜ್ಜಿ ಎತ್ತಿಕೊಂಡು ಹೋದದ್ದು ಯಾವ ದೇವರ ಪುಣ್ಯವೋ. ಬೆಳಿಗ್ಗೆ ಅಮ್ಮನ್ನ ಜಗುಲಿಗೆ ಎತ್ತಿಕೊಂಡು ಹೋಗೋ ಗಲಾಟೆಯಲ್ಲಿ ನಾನು ಹಿಂದೆ ಉಳಿದು ಮೊದಲು ಮಾಡಿದ ಕೆಲಸ, ಆ ಗೋಣಿ ಕಿತ್ತು ಸೌದೆ ಕೊಟ್ಟಿಗೆಗೆ ಎಸೆದದ್ದು. ಏನು ತಪ್ಪು ಅಂತ ಗೊತ್ತಿರಲಿಲ್ಲ, ಏನೋ ತಪ್ಪು ಅಂತ ಕೈಗೆ ಗೊತ್ತಿತ್ತು. ಡಾಕ್ಟರು ಬಾಣಂತಿ ನಿಶ್ಶಕ್ತಿ ಅಂದರು. ಊರಿನವರು ಗಾಳಿ ಹೊಡೆದಿದೆ ಅಂದರು. ಗಾಳಿ ಹೊಡೆಯಿತಂತೆ! ನಾನು ತಲೆ ಆಡಿಸಿದೆ.

ಎಷ್ಟೋ ವರ್ಷ ಆದ ಮೇಲೆ ಪೇಪರಿನಲ್ಲಿ ಗೀಸರ್ ಸಾವಿನ ಸುದ್ದಿ ಓದಿದಾಗ ಅದರ ಕೆಳಗೆ ಕೆಂಡದ ಮಾತೂ ಬರೆದಿದ್ದರು. ಅವತ್ತು ಅಮ್ಮ ಇದ್ದಳು. ಫೋನ್ ಎತ್ತಿ ಹಲಸಿನ ಹಪ್ಪಳದ ವಿಷಯ ಮಾತಾಡಿ ಇಟ್ಟೆ. ಆಮೇಲೂ ನಾಲ್ಕು ಹುತ್ತರಿ ಹಬ್ಬಕ್ಕೆ ಬಂದುಹೋದಳು.

ಈಗ ನಿನಗೆ ಹೇಳಿದ್ದೇನೆ. ಅಣ್ಣನಿಗೆ ಹೇಳೋದು ಬಿಡೋದು ನಿನಗೆ ಬಿಟ್ಟದ್ದು.

ಗೀಸರ್ ಬೇಡವೇ ಬೇಡ ಅಂತ ನಾನು ಅನ್ನಲ್ಲ. 2018ರ ಆಗಸ್ಟಿನಲ್ಲಿ ಗುಡ್ಡ ಜಾರಿದಾಗ ಇಲ್ಲಿ ಎಷ್ಟು ದಿನ ಕರೆಂಟಿಲ್ಲದೆ ಕೂತಿದ್ದೆವು ಅಂತ ಗೊತ್ತಲ್ಲ. ಆಟಿಯಲ್ಲಿ ಸೋಲಾರ್ ಅಂದರೆ ತಣ್ಣೀರೇ. ಎರಡು ಬ್ಯಾಟರಿ ಸೆಲ್ಲಿನಲ್ಲಿ ಹತ್ತಿಕೊಳ್ಳೋ ಗ್ಯಾಸ್ ಗೀಸರ್ ಮೇಲೆ ಕಣ್ಣು ಹೋಗೋದು ಸಹಜ. ಹೊರಗೆ ಹಾಕಿಸು. ಹಿಂದಿನ ಗೋಡೆಗೆ, ಶೀಟಿನ ಕೆಳಗೆ, ಮಳೆ ಎರಚಲು ಬೀಳದ ಕಡೆ, ಯಾವ ಕಿಟಕಿಗೂ ಹತ್ತಿರ ಅಲ್ಲ. ಬಿಸಿನೀರಿನ ಪೈಪು ಮಾತ್ರ ಒಳಗೆ ಬರಲಿ. ನಾಲ್ಕು ಅಡಿ ಪೈಪು ಜಾಸ್ತಿ ಆದರೆ ಆಗಲಿ. ಇಪ್ಪತ್ತು ನಿಮಿಷಕ್ಕೆ ತಾನೇ ಆರುತ್ತೆ ಅಂತ ಅಂಗಡಿಯವನು ಹೇಳಿರ್ತಾನೆ. ನಲ್ಲಿ ಮುಚ್ಚಿ ತೆಗೆದರೆ ಮತ್ತೆ ಹತ್ತುತ್ತಲ್ಲ? ಎಕ್ಸಾಸ್ಟ್ ಫ್ಯಾನ್ ಹಾಕಿಸಿಬಿಡ್ತೀನಿ ಅಂತಲೂ ಅನ್ನಬೇಡ. ಗಾಳಿ ಒಳಗೆ ಬರೋಕೆ ದಾರಿಯೇ ಇಲ್ಲದಿದ್ದರೆ ಅದು ಗೀಸರಿನ ಹೊಗೆಯನ್ನೇ ಕೆಳಗೆಳೆಯುತ್ತೆ. ಜ್ವಾಲೆ ನೀಲಿ ಇದೆ ಅಂತಲೂ ಸಮಾಧಾನ ಬೇಡ. ಹಳದಿಯಾದರೆ ಕೆಟ್ಟಿದೆ ಅಂತ ಅರ್ಥ, ನೀಲಿ ಇದ್ದರೂ ಮುಚ್ಚಿದ ಕೋಣೆ ಮುಚ್ಚಿದ ಕೋಣೆಯೇ.

ಬಾಗಿಲೂ ಒಂದು. ಬಚ್ಚಲ ಬಾಗಿಲು ಹೊರಗೆ ತೆರೆಯೋ ಹಾಗೆ ತಿರುಗಿಸು. ಒಳಗೆ ಬಿದ್ದವರು ಬಾಗಿಲಿಗೇ ಅಡ್ಡ ಬೀಳೋದು. ನಾಣ್ಯ ತೂರಿಸಿ ಹೊರಗಿನಿಂದ ತಿರುಗಿಸೋ ಚಿಲಕ ಬಂದಿದೆ, ಅದು ಸಿಕ್ಕಿದರೆ ಹಾಕಿಸು. ಅತ್ತೆಯವರಿಗೆ ಕಮೋಡಿನ ಪಕ್ಕ ಹಿಡಿಕೆ. ನೆಲಕ್ಕೆ ಹೊಳೆಯೋ ಟೈಲ್ಸ್ ತಂದಿದ್ದರೆ ಅಡುಗೆಮನೆ ಗೋಡೆಗೆ ಬಳಸು, ಬಚ್ಚಲಿಗೆ ತರಿತರಿ ಇರೋದು. ಟೈಲ್ಸ್ ಅಂಟಿಸೋ ಮೊದಲು ನೀರು ಹೋಗೋ ಬಾಯಿ ಕಟ್ಟಿ ನೀರು ನಿಲ್ಲಿಸಿ ಎರಡು ದಿನ ಬಿಡು, ಸೋರೋದು ಆಗಲೇ ಗೊತ್ತಾಗುತ್ತೆ. ಬಚ್ಚಲ ನೀರನ್ನು ಹಿಂದಿನ ಗುಡ್ಡದ ಕಡಿದಾದ ಬರೆ ಕಡೆಗೆ ಬಿಡಬೇಡ, ಇದನ್ನು ಮಡಿಕೇರಿಯಲ್ಲಿ ಇರೋಳಿಗೆ ನಾನು ಹೇಳಬೇಕಾಗಿಲ್ಲ.

ಬೇರೆಯದ್ದು ಮಳೆ ನಿಂತ ಮೇಲೆ ಮಾಡಿಸಿಕೋ. ಗಾಜು ಮಾತ್ರ ಇವತ್ತು. ಮೇಸ್ತ್ರಿ ಬರದಿದ್ದರೆ ಅಣ್ಣನ ಕೈಯಲ್ಲೇ ಸಿಲಿಕಾನ್ ಕೊಯ್ಯಿಸು, ಗಾಡಿಯಲ್ಲಿ ಕತ್ತಿ ಇರುತ್ತೆ. ಒಡೆದರೂ ಪರವಾಗಿಲ್ಲ, ದುಡ್ಡು ನಾನು ಕೊಡ್ತೀನಿ.

ಪಿಕಪ್ಪಿನಲ್ಲಿ ತಾಮ್ರದ ಹಂಡೆ ಇದೆ, ಗೋಣಿ ಸುತ್ತಿಸಿದ್ದೇನೆ. ಗೀಸರ್ ಹೊರಗೆ ಹೋಗೋವರೆಗೆ ಹಿತ್ತಿಲ ಶೀಟಿನ ಕೆಳಗೆ ಮೂರು ಕಲ್ಲು ಇಟ್ಟು ಅದರಲ್ಲೇ ಕಾಯಿಸು, ಒಳಗೆ ತರಬೇಡ. ತಳದ ಮಸಿ ಉಜ್ಜೋಕೆ ಹೋಗಬೇಡ, ಮಸಿ ಇದ್ದರೇ ಬೇಗ ಕಾಯೋದು. ಕಂಠದ ಹತ್ತಿರ ಒಂದು ನೆಗ್ಗು ಇದೆ, ಅದು ಅಮ್ಮ ಏಳನೇ ಕ್ಲಾಸಿನಲ್ಲಿದ್ದಾಗ ಬಾವಿಕಟ್ಟೆಯಿಂದ ಉರುಳಿಸಿದ್ದು.

ನಿನ್ನ
ದೊಡ್ಡಮ್ಮ