ನನ್ನ ತಮ್ಮನ ಪರಿಹಾರದ ಫೈಲು ಎಲ್ಲಿದೆ, ಶಾಸಕರೇ?

ಮಾನ್ಯ ಶಾಸಕರಿಗೆ ನಮಸ್ಕಾರಗಳು.

ಇದು ನಾನು ನಿಮಗೆ ಬರೆಯುತ್ತಿರುವ ನಾಲ್ಕನೇ ಪತ್ರ. ಮೊದಲ ಮೂರಕ್ಕೆ ಉತ್ತರ ಬರಲಿಲ್ಲ. ಅದಕ್ಕೇ ಈ ಸಲ ಎಲ್ಲರ ಮುಂದೆ ಬರೆಯುತ್ತಿದ್ದೇನೆ.

ನನ್ನ ತಮ್ಮ ಮ್ಯಾನ್‌ಹೋಲ್‌ಗೆ ಇಳಿದು ಸತ್ತು ಆರು ವರ್ಷವಾಯಿತು. ಬಸ್ ಸ್ಟ್ಯಾಂಡ್ ಹಿಂದೆ ಕಟ್ಟಿಕೊಂಡಿದೆ ಅಂತ ಗುತ್ತಿಗೆದಾರ ಬೆಳಗಿನ ಜಾವ ಮನೆಗೆ ಬಂದು ಎಬ್ಬಿಸಿಕೊಂಡು ಹೋದ. ಸೊಂಟಕ್ಕೆ ಒಂದು ಹಗ್ಗವನ್ನೂ ಕಟ್ಟಿರಲಿಲ್ಲ. ಅಮ್ಮ ಅವನಿಗೆಂದು ಮುಚ್ಚಿಟ್ಟ ಉಪ್ಪಿಟ್ಟು ಮುಚ್ಚಿದ ಹಾಗೇ ಇತ್ತು.

ಪರಿಹಾರ ಕೇಳಲು ಹೋದರೆ ಕಚೇರಿಯಲ್ಲಿ ಏನಂದರು ಗೊತ್ತಾ? "ನಾನೇ ಇಳಿಸಿದ್ದು ಅಂತ ಗುತ್ತಿಗೆದಾರನಿಂದ ಬರೆಸಿಕೊಂಡು ಬನ್ನಿ." ಇಳಿಸಿದವನಿಗೆ ಜೈಲು ಅಂತ ಕಾನೂನಿದೆ. ಅವನು ಬರೆದು ಕೊಡುತ್ತಾನಾ? ಆದರೂ ಅಮ್ಮ ಹೋದಳು. ಮಗನನ್ನು ಕೊಂದವನ ಬಾಗಿಲಲ್ಲಿ ಅರ್ಧ ದಿನ ನಿಂತಳು. ಆಮೇಲೆ ನಮಗೆ ಸಿಕ್ಕಿದ್ದು ಒಂದು ಹಿಂಬರಹ: ದಾಖಲೆ ಸಾಲದು.

ಪರಿಹಾರ ಕೊಡಿಸಿ ಸ್ವಾಮಿ. ನಾವು ಕೇಳುತ್ತಿರುವುದು ಭಿಕ್ಷೆ ಅಲ್ಲ. ಮಲ ಹೊರಿಸಬಾರದು ಅಂತ 1993ರಲ್ಲೇ ಕಾನೂನಿದ್ದರೂ, ಮಲ ಹೊರುವವರು ನಮ್ಮಲ್ಲಿ ಇಲ್ಲವೇ ಇಲ್ಲ ಅಂತ ಸರ್ಕಾರಗಳು ಹೇಳುತ್ತಿದ್ದವು. ನಮ್ಮ ಕೆಜಿಎಫ್‌ನ ಬೆಜವಾಡ ವಿಲ್ಸನ್ ಮತ್ತು ಸಫಾಯಿ ಕರ್ಮಚಾರಿ ಆಂದೋಲನದವರು ಊರೂರು ತಿರುಗಿ ಫೋಟೊ ಸಮೇತ ಪುರಾವೆ ಕೂಡಿಸಿದರು. 2003ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಅಷ್ಟು ಹೋರಾಡಿದ ಮೇಲೆ 2013ರ ಕಾಯ್ದೆ ಬಂತು. 2014ರ ತೀರ್ಪಿನಲ್ಲಿ ಸತ್ತವರ ಮನೆಗೆ 10 ಲಕ್ಷ ಅಂತಾಯಿತು. 2023ರಲ್ಲಿ ಕೋರ್ಟು ಅದನ್ನು 30 ಲಕ್ಷ ಮಾಡಿತು. ಹಿಂದೆ ಸತ್ತವರ ಮನೆಯವರಿಗೆ ಕೊಡದೆ ಉಳಿಸಿಕೊಂಡಿದ್ದರೆ ಅವರಿಗೂ ಅಷ್ಟೇ ಕೊಡಬೇಕು ಅಂತಲೂ ಹೇಳಿತು. ಇದೆಲ್ಲ ನಿಮಗೆ ಗೊತ್ತಿರುವುದೇ ಅಲ್ವಾ?

2010ರಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ, ಮಲ ಹೊರುವ ಕೆಲಸ ಮಾಡುತ್ತಿದ್ದ ಭಂಗಿ ಜನ ಪುರಸಭೆ ಎದುರು ಮೈಮೇಲೆ ಮಲ ಸುರಿದುಕೊಂಡರು. ಆಮೇಲೆ ರಾಜ್ಯವೇ ಅತ್ತ ತಿರುಗಿ ನೋಡಿತು. ಅಲ್ಲಿಯವರೆಗೆ ಅವರ ಮಾತು ಯಾರ ಕಿವಿಗೂ ಬಿದ್ದಿರಲಿಲ್ಲ. ನನ್ನ ಅಮ್ಮನಿಗೆ ಅರವತ್ತು ದಾಟಿದೆ. ಅವಳೂ ಆ ಸ್ಥಿತಿಗೆ ಬರಬೇಕಾ?

ಪರಿಹಾರ ಕೊಡಿಸಿ. ಇಳಿಸಿದವನ ಮೇಲೆ ಕೇಸು ನಡೆಸಿ. ನಮ್ಮೂರಲ್ಲಿ ಇನ್ನೊಬ್ಬ ಹುಡುಗನನ್ನು ಇಳಿಸಬೇಡಿ, ಮಷೀನು ತರಿಸಿ. ಮತ್ತೆ ಕೇಳುತ್ತೇನೆ, ಪರಿಹಾರ ಕೊಡಿಸಿ.

ಸೋಮವಾರ ಬೆಳಿಗ್ಗೆ ನಿಮ್ಮ ಕಚೇರಿಗೆ ಬರುತ್ತೇನೆ. ಜೊತೆಗೆ ಅಮ್ಮನೂ ಬರುತ್ತಾಳೆ. ತಮ್ಮನ ಫೋಟೊ, ಎಫ್‌ಐಆರ್, ಆ ಹಿಂಬರಹ ಮೂರನ್ನೂ ತರುತ್ತೇವೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ