ಬೆಲ್ಟು ಹಾಕುವ ಮುನ್ನ ಎಂಜಿನ್ ನಿಲ್ಲಿಸಿ

ವ್ಯೂರ್ಟ್ಸ್‌ಬುರ್ಗ್, ಜರ್ಮನಿ

ತೀರ್ಥರೂಪ ಅಪ್ಪನಿಗೂ ಅವ್ವನಿಗೂ ನಮಸ್ಕಾರಗಳು. ನಾನು ಕ್ಷೇಮ.

ಅವ್ವ, ಅಚ್ಚಿನ ಯಂತ್ರ ಮಾಡಿದವನೇ ಅದಕ್ಕೆ ಸಿಕ್ಕಿ ಸತ್ತನೆಂದು ಬೆಳ್ಳಿಯಪ್ಪ ಮಾವ ಹೇಳಿದ್ದು ಸುಳ್ಳಲ್ಲ. ಆದರೆ ಅದು 1867ರ ಮಾತು. ನಾನು ಕೆಲಸ ಮಾಡುವ ಅಚ್ಚುಕೂಟದ ರೋಟರಿ ಯಂತ್ರದ ಸಿಲಿಂಡರುಗಳಿಗೆಲ್ಲ ಬಾಗಿಲುಗಳಿದ್ದು, ಓಡುತ್ತಿರುವಾಗ ಒಂದನ್ನು ತೆರೆದರೂ ಯಂತ್ರ ತಾನಾಗಿ ನಿಲ್ಲುತ್ತದೆ. ನನಗೇನೂ ಆಗುವುದಿಲ್ಲ, ಖಂಡಿತ ಆಗುವುದಿಲ್ಲ.

ರೋಟರಿ ಎಂದರೆ ಕಾಫಿ ಹಣ್ಣು ಸುಲಿಯುವ ನಮ್ಮ ಪಲ್ಪರಿನ ಡ್ರಮ್ಮಿನಂತೆ ಒಂದೇ ದಿಕ್ಕಿಗೆ ಬಿಡದೆ ತಿರುಗುವುದು, ಅಷ್ಟೇ. 1814ರಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಕೋನಿಗ್ ಎಂಬ ಜರ್ಮನಿಯವನು ಮಾಡಿಕೊಟ್ಟ ಉಗಿಯಂತ್ರದಲ್ಲಿ ಸಿಲಿಂಡರ್ ಇದ್ದರೂ ಅಚ್ಚುಮೊಳೆಗಳ ಹಾಸು ಹಿಂದೆ ಮುಂದೆ ಓಡಾಡಬೇಕಿತ್ತು. ಗಂಟೆಗೆ 1100 ಹಾಳೆ ಬರುತ್ತಿತ್ತು. (ಅದೇ ಕೋನಿಗ್ 1817ರಲ್ಲಿ ಕಾರ್ಖಾನೆ ತೆರೆದದ್ದು ಈ ಊರಿನ ಮಗ್ಗುಲಲ್ಲೇ, ಒಂದು ಹಳೆಯ ಸನ್ಯಾಸಿಮಠದಲ್ಲಿ!) ನಮ್ಮಲ್ಲಿ ಪುಟವಿರುವ ತೆಳು ತಗಡನ್ನೇ ಸಿಲಿಂಡರಿಗೆ ಸುತ್ತುತ್ತಾರೆ. ಅದರ ಮೇಲೆ ನೀರೂ ಶಾಯಿಯೂ ಒಟ್ಟಿಗೆ ಹರಿದರೂ, ಅಕ್ಷರವಿರುವಲ್ಲಿ ಕೆಸುವಿನ ಎಲೆಯ ಮೇಲಿನಂತೆ ನೀರು ನಿಲ್ಲದೆ ಶಾಯಿ ಮಾತ್ರ ಹಿಡಿಯುತ್ತದೆ. ಆ ಶಾಯಿ ಮೊದಲು ರಬ್ಬರು ಹೊದಿಸಿದ ಇನ್ನೊಂದು ಸಿಲಿಂಡರಿಗೆ, ಅಲ್ಲಿಂದ ಕಾಗದಕ್ಕೆ ಇಳಿಯುತ್ತದೆ. ಎರಡು ಸಲ ತಿರುವುಮುರುವಾಗುವುದರಿಂದ ತಗಡಿನ ಅಕ್ಷರ ನೇರವಾಗಿಯೇ ಇರುತ್ತದೆ. ಟನ್ ತೂಕದ ಕಾಗದದ ಸುರುಳಿ ಮುಗಿಯುತ್ತ ಬಂದಾಗ ಯಂತ್ರ ನಿಲ್ಲಿಸದೆಯೇ, ಅಷ್ಟೇ ವೇಗದಲ್ಲಿ ತಿರುಗುವ ಹೊಸ ಸುರುಳಿಯನ್ನು ಅಂಟಿಸುವುದನ್ನು ಅಪ್ಪ ಒಮ್ಮೆ ನೋಡಬೇಕು.

ಮಾವ ಹೇಳಿದವನ ಹೆಸರು ವಿಲಿಯಂ ಬುಲಕ್. ಬಿಡಿ ಹಾಳೆಯ ಬದಲು ಸುರುಳಿಯನ್ನೇ ಊಡುವ ರೋಟರಿಯನ್ನು ಅಮೆರಿಕದಲ್ಲಿ ಮಾಡಿದವನು ಅವನು. ಫಿಲಡೆಲ್ಫಿಯಾದಲ್ಲಿ ಓಡುತ್ತಿದ್ದ ಯಂತ್ರದ ಬೆಲ್ಟನ್ನು ಕಾಲಿನಿಂದ ಒದ್ದು ಗಾಲಿಗೆ ಏರಿಸಲು ಹೋಗಿ ಕಾಲು ಸಿಕ್ಕಿಸಿಕೊಂಡ. ಸತ್ತದ್ದು ಆ ಗಳಿಗೆಯಲ್ಲಲ್ಲ. ಗಾಯ ಕೊಳೆತು, ದಿನಗಳ ನಂತರ ಕಾಲು ಕತ್ತರಿಸುವಾಗ.

ಅವ್ವ, ನನ್ನ ಬಗ್ಗೆ ಎರಡು ಪುಟ ಬರೆದು, ಪಲ್ಪರಿನ ಬೆಲ್ಟು ಏರಿಸುವಾಗ ಅಪ್ಪನ ಕಾಲಿಗೆ ಪೆಟ್ಟಾಗಿ ಮೂರು ವಾರವಾದರೂ ಮಾಗಿಲ್ಲವೆಂಬುದನ್ನು ಕೊನೆಯ ಒಂದೇ ಸಾಲಿನಲ್ಲಿ ಬರೆದಿದ್ದೀರಲ್ಲ! ಸಕ್ಕರೆ ಕಾಯಿಲೆಯವರ ಗಾಯಕ್ಕೆ ಅರಿಶಿನ ಸಾಲದು. ಕಾಫಿ ಕೊಯ್ಲು ಮುಗಿಯಲೆಂದು ಕಾಯದೆ ನಾಳೆಯೇ ಮಡಿಕೇರಿಗೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿ. ದುಡ್ಡು ಕಳಿಸಿದ್ದೇನೆ. ಅಪ್ಪ, ಎಂಜಿನ್ ನಿಲ್ಲಿಸದೆ ಇನ್ನು ಬೆಲ್ಟು ಮುಟ್ಟಬೇಡಿ.

ರಾತ್ರಿ ಪಾಳಿಯ ಟ್ರಾಮಿಗೆ ಹೊತ್ತಾಯಿತು. ಡಾಕ್ಟರು ಏನೆಂದರೆಂದು ತಕ್ಷಣ ಬರೆಯಿರಿ.

ಇಂತಿ ನಿಮ್ಮ ಮಗ,
ಪುಟ್ಟ